ಜಾನುವಾರು ಮಾರುಕಟ್ಟೆಗೆ ಕಾನೂನಿನ ಕಾವಲು: ಏನಿದು ಅಮೆರಿಕದ 1921ರ ಕಾಯ್ದೆ?

ದನ, ಕುರಿ ಸಾಕಿದವ ಮಾರುಕಟ್ಟೆಗೆ ತಂದಾಗ ಕೊಳ್ಳುವವರು ಒಬ್ಬಿಬ್ಬರೇ ಇದ್ದರೆ ಅವರು ಹೇಳಿದ್ದೇ ರೇಟು. ವಾಪಸ್ ಕೊಂಡೊಯ್ದರೆ ಸಾಗಾಟ, ಮೇವಿನ ಖರ್ಚು ಅವನ ತಲೆ ಮೇಲೆ. ಈ ಅಸಹಾಯಕತೆಯನ್ನು ತಡೆಯಲು ಅಮೆರಿಕ ತಂದ ಕಾನೂನೇ 'ಪ್ಯಾಕರ್ಸ್ ಆ್ಯಂಡ್ ಸ್ಟಾಕ್‌ಯಾರ್ಡ್ಸ್ ಆ್ಯಕ್ಟ್'. 1921ರ ಆಗಸ್ಟ್ 15ರಂದು ಅಧ್ಯಕ್ಷ ವಾರನ್ ಹಾರ್ಡಿಂಗ್ ಇದಕ್ಕೆ ಸಹಿ ಹಾಕಿದರು.

ಹಿನ್ನೆಲೆ

ಆಗ ಸ್ವಿಫ್ಟ್, ಆರ್ಮರ್, ಮೋರಿಸ್, ವಿಲ್ಸನ್, ಕುಡಾಹಿ ಎಂಬ ಐದು ಕಂಪೆನಿಗಳು ಮಾಂಸ ವ್ಯಾಪಾರವನ್ನು ಹಿಡಿತದಲ್ಲಿಟ್ಟುಕೊಂಡಿದ್ದವು. ಜಾನುವಾರು ಕೊಳ್ಳುವುದು ಮಾತ್ರವಲ್ಲ, ಮಾರಾಟದ ಯಾರ್ಡ್‌ಗಳು, ಶೀತಲ ರೈಲು ವ್ಯಾಗನ್‌ಗಳಲ್ಲೂ ಅವುಗಳದ್ದೇ ಪಾಲು. 1917ರಲ್ಲಿ ಅಧ್ಯಕ್ಷ ವಿಲ್ಸನ್ ಆದೇಶದಂತೆ ಫೆಡರಲ್ ಟ್ರೇಡ್ ಕಮಿಷನ್ ನಡೆಸಿದ ತನಿಖೆಯಲ್ಲಿ ಇದು ಬಯಲಾಯಿತು.

ಕಾಯ್ದೆಯಲ್ಲಿ ಏನಿದೆ?

* ಕಂಪೆನಿಗಳು ಒಳಗಿಂದೊಳಗೆ ಸೇರಿ ದರ ತಿರುಚುವಂತಿಲ್ಲ, ಖರೀದಿ ಪ್ರದೇಶ ಹಂಚಿಕೊಳ್ಳುವಂತಿಲ್ಲ.
* ಮಾರುವವರಲ್ಲಿ ಅನ್ಯಾಯದ ತಾರತಮ್ಯ, ವಂಚನೆ ಮಾಡುವಂತಿಲ್ಲ.
* ಯಾರ್ಡ್‌ನ ಶುಲ್ಕ, ದಲ್ಲಾಳಿ ಕಮಿಷನ್ ನ್ಯಾಯಯುತವಾಗಿರಬೇಕು.

ಯಾರ್ಡ್‌ನ ದಲ್ಲಾಳಿಗಳು, ಜಾನುವಾರು ವ್ಯಾಪಾರಿಗಳ ಕಡೆಯಿಂದ ಬಂದ ಸವಾಲನ್ನು 1922ರಲ್ಲಿ ಸುಪ್ರೀಂ ಕೋರ್ಟ್ 'ಸ್ಟಾಫರ್ಡ್ ವರ್ಸಸ್ ವ್ಯಾಲೇಸ್' ಪ್ರಕರಣದಲ್ಲಿ ತಳ್ಳಿಹಾಕಿ ಕಾಯ್ದೆಯನ್ನು ಎತ್ತಿಹಿಡಿಯಿತು.

ದುಡ್ಡಿಗೂ ರಕ್ಷಣೆ

ಒಳ್ಳೆ ರೇಟು ಸಿಕ್ಕಿದರೆ ಸಾಲದು, ದುಡ್ಡೂ ಕೈಗೆ ಬರಬೇಕಲ್ಲ? 1975ರಲ್ಲಿ ಅಮೆರಿಕನ್ ಬೀಫ್ ಪ್ಯಾಕರ್ಸ್ ದಿವಾಳಿಯಾದಾಗ ದನ ಕೊಟ್ಟ ರೈತರಿಗೆ ಹಣ ಬರಲಿಲ್ಲ. ಸಾಲ ಕೊಟ್ಟ ಸಂಸ್ಥೆಗೇ ಮೊದಲ ಹಕ್ಕಿತ್ತು. ಹಾಗಾಗಿ 1976ರ ತಿದ್ದುಪಡಿ ಮೂರು ಬದಲಾವಣೆ ತಂತು: ಸಾಮಾನ್ಯವಾಗಿ ಮರುದಿನದ ವ್ಯವಹಾರ ಮುಗಿಯುವುದರೊಳಗೆ ಪಾವತಿ, ದೊಡ್ಡ ಖರೀದಿದಾರರಿಂದ ಬಾಂಡ್, ಮತ್ತು ರೊಕ್ಕಕ್ಕೆ ಮಾರಿದವರ ಬಾಕಿ ತೀರುವವರೆಗೆ ಆ ಮಾಂಸ, ಅದರ ಹಣವನ್ನು ಟ್ರಸ್ಟ್‌ನಂತೆ ಕಾಪಾಡುವ ನಿಯಮ. 1987ರಲ್ಲಿ ಕೋಳಿ ಸಾಕುವವರಿಗೂ ಇಂಥ ಟ್ರಸ್ಟ್ ರಕ್ಷಣೆ ಸಿಕ್ಕಿತು.

ಇವತ್ತಿನ ಸ್ಥಿತಿ

ಕಾನೂನು ಇದೆ, ಆದರೆ ಕೊಳ್ಳುವವರ ಸಂಖ್ಯೆ ಹೆಚ್ಚಲಿಲ್ಲ. ಮಾಂಸಕ್ಕಾಗಿ ಕೊಬ್ಬಿಸಿದ ದನಗಳಲ್ಲಿ ಸುಮಾರು ಶೇ. 85ರಷ್ಟು ಇಂದು ನಾಲ್ಕೇ ಕಂಪೆನಿಗಳ ಪಾಲು: ಟೈಸನ್, ಜೆಬಿಎಸ್, ಕಾರ್ಗಿಲ್, ನ್ಯಾಷನಲ್ ಬೀಫ್. ತನಗೊಬ್ಬನಿಗೆ ಅನ್ಯಾಯವಾಗಿದೆ ಎಂದರೆ ಸಾಲದು, ಇಡೀ ಮಾರುಕಟ್ಟೆಯ ಪೈಪೋಟಿಗೇ ಧಕ್ಕೆಯಾಗಿದೆ ಎಂದು ರೈತ ತೋರಿಸಬೇಕು ಎಂದು ಹಲವು ಮೇಲ್ಮನವಿ ಕೋರ್ಟ್‌ಗಳು ಹೇಳಿವೆ. ಒಬ್ಬ ಸಣ್ಣ ಸಾಕಣೆದಾರನಿಗೆ ಇದು ಸುಲಭದ ಮಾತಲ್ಲ. ನೂರು ವರ್ಷ ದಾಟಿದ ಕಾಯ್ದೆಯ ಸುತ್ತ ಈಗಲೂ ನಡೆಯುವ ಮುಖ್ಯ ಚರ್ಚೆ ಇದುವೇ.