ವಿದ್ಯುತ್ ಮಾರ್ಗದ ಹಾದಿಹಕ್ಕು (ಹಾವೇರಿ ಜಿಲ್ಲೆ)

ಹೊಲದ ಮೇಲೆ ಹೈಟೆನ್ಷನ್ ತಂತಿ ಎಳೆಯಲು ಪ್ರಸರಣ ಸಂಸ್ಥೆಗೆ ಸಿಗುವ ಬಳಕೆಯ ಹಕ್ಕು. ಇದು ಭೂಸ್ವಾಧೀನವಲ್ಲ, ಪಹಣಿಯಲ್ಲಿ ರೈತನ ಹೆಸರೇ ಉಳಿಯುತ್ತದೆ. ಚೌಕಾಶಿ ಬಿಗಿಯಾಗುವುದೂ ಇದರಿಂದಲೇ: ಭೂಮಿ ತನ್ನದು, ಬಳಕೆಗೆ ಮಾತ್ರ ಕಟ್ಟುಪಾಡು.

2003ರ ವಿದ್ಯುತ್ ಕಾಯ್ದೆಯ 164ನೇ ಕಲಮಿನಡಿ ಸಂಸ್ಥೆಗೆ 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರ ಕೊಡಬಹುದು. ಆಗ ರೈತನ ಒಪ್ಪಿಗೆ ಕಡ್ಡಾಯವಲ್ಲ; ಅಡ್ಡಿ ಬಂದರೆ ಜಿಲ್ಲಾ ಮ್ಯಾಜಿಸ್ಟ್ರೇಟರ ಆದೇಶ, ಪರಿಹಾರ ಸಾಲದಿದ್ದರೆ ಜಿಲ್ಲಾ ನ್ಯಾಯಾಲಯ. ಹಾಗಾಗಿ ಮಾತುಕತೆ ನಡೆಯುವುದು ಬಹುಪಾಲು ಹಣದ ಮೇಲೆ, ಟವರ್ ಬದುವಿಗೆ ಸರಿಯುವುದೇ ಎಂಬುದರ ಮೇಲೆ.

220 ಕಿಲೋವೋಲ್ಟ್ ಮಾರ್ಗದ ಹಾದಿಹಕ್ಕಿನ ಪಟ್ಟಿ ಸಾಮಾನ್ಯವಾಗಿ 35 ಮೀಟರ್ ಅಗಲ. ನೂರು ಮೀಟರ್ ಉದ್ದದ ಹೊಲ ದಾಟಿದರೆ ಸುಮಾರು 35 ಗುಂಟೆ ಅದರಡಿ ಬೀಳುತ್ತದೆ. ಬ್ಯಾಡಗಿಯ ಮೆಣಸಿನಕಾಯಿ, ರಾಣೆಬೆನ್ನೂರಿನ ಗೋವಿನಜೋಳ ಅಲ್ಲಿ ಬೆಳೆಯಬಹುದು. ತೆಂಗು, ಅಡಿಕೆ ಆಗದು. ಇಂದು ಮೆಣಸಿನಕಾಯಿ ಇರುವ ಹೊಲಕ್ಕೆ ನಾಳೆ ಅಡಿಕೆ ಹಾಕುವ ಆಸೆಗೆ ನಷ್ಟ ದಾಖಲಿಸುವ ಪಂಚನಾಮೆಯಲ್ಲಿ ಕಾಲಂ ಇಲ್ಲ.

ಕೇಂದ್ರದ 2015ರ ಮಾರ್ಗಸೂಚಿ, ಪರಿಹಾರವು ಟವರ್ ಜಾಗಕ್ಕೆ ಭೂಮೌಲ್ಯದ ಶೇ. 85, ತಂತಿಯಡಿಯ ಪಟ್ಟಿಗೆ ಗರಿಷ್ಠ ಶೇ. 15 ಎಂದಿತ್ತು. 2024ರಲ್ಲಿ ಅದು ಶೇ. 200 ಮತ್ತು ಶೇ. 30 ಆಯಿತು. ರಾಜ್ಯದೊಳಗಿನ ಮಾರ್ಗಗಳಿಗೆ ಇದನ್ನು ಅಳವಡಿಸುವುದು ರಾಜ್ಯಕ್ಕೆ ಬಿಟ್ಟದ್ದು. ಬೆಳೆ, ಮರದ ನಷ್ಟ ಬೇರೆ ಲೆಕ್ಕ; ಕಾಯಿ ಕೆಂಪಾಗಿ ನಿಂತಾಗ ಟ್ರ್ಯಾಕ್ಟರ್ ನುಗ್ಗಿದರೆ, ಸಾಲು ಎಣಿಸಿ, ಫೋಟೊ ತೆಗೆದು ಪಂಚನಾಮೆಗೆ ಸೇರಿಸಿದ ನಂತರವೇ ಸಹಿ ಹಾಕುವುದು ಲೇಸು.