ಕೊರಳಹಾರವಾದ ಅಂಕಿಗಳು

ಗಣಿತವೆಂದರೆ ಕಬ್ಬಿಣದ ಕಡಲೆಯೆಂದು ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ನಂಬಿದ್ದರು. ಈಗ ಅವರ ಮಕ್ಕಳೂ ಅದನ್ನೇ ಹೇಳುತ್ತಿರುವರಂತೆ. ಆ ಮಕ್ಕಳಿಗಾಗಿ ನಮ್ಮ ನಾಡಿನ ಪ್ರಾಚೀನ ಗಣಿತಜ್ಞನೊಬ್ಬನನ್ನು ಇಲ್ಲಿ ಪರಿಚಯಿಸುತ್ತಿದ್ದೇನೆ.

ಕ್ರಿ.ಶ. 850ರ ಸುಮಾರಿನಲ್ಲಿ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಮಾನ್ಯಖೇಟದಲ್ಲಿ, ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ಆಳುತ್ತಿದ್ದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಗ್ರಂಥದ ಆರಂಭದಲ್ಲಿ ಸ್ತುತಿಸಿದ್ದಾನೆ. ಗುಣಾಕಾರವನ್ನು ಕಲಿಸುವಾಗ ಈ ಆಚಾರ್ಯನು ಬರಿಯ ನಿಯಮವನ್ನು ಹೇಳಿ ಸುಮ್ಮನಾಗಲಿಲ್ಲ. ಉತ್ತರವು ಕೊರಳಹಾರದಂತೆ ಎರಡು ಕಡೆಯಿಂದಲೂ ಒಂದೇ ಆಗಿ ಕಾಣುವ ಲೆಕ್ಕಗಳನ್ನು ಕೊಟ್ಟನು:

139 × 109 = 15151
12345679 × 9 = 111111111
142857143 × 7 = 1000000001
27994681 × 441 = 12345654321

ಎರಡನೆಯ ಲೆಕ್ಕದ ಮೊದಲ ಸಂಖ್ಯೆಯಲ್ಲಿ 8 ಎಲ್ಲಿ ಹೋಯಿತು? ಉತ್ತರವನ್ನು 9ರಿಂದ ಭಾಗಿಸಿ ನೋಡಿರಿ. 11ರಲ್ಲಿ ಒಂದು ಸಲ, ಶೇಷ 2. ಮುಂದಿನ 1ನ್ನು ಇಳಿಸಿದರೆ 21. ಅದರಲ್ಲಿ ಎರಡು ಸಲ, ಶೇಷ 3. ಹೀಗೆಯೇ ಸಾಗಿ 71ರಲ್ಲಿ ಏಳು ಸಲ, ಶೇಷ 8. ಕೊನೆಯ 1ನ್ನು ಇಳಿಸಿದರೆ 81. ಅದರಲ್ಲಿ ಒಂಬತ್ತು ಸಲ, ಶೇಷವಿಲ್ಲ. ಆದುದರಿಂದಲೇ 7ರ ಪಕ್ಕದಲ್ಲಿ 9 ಬಂದು ಕುಳಿತಿತು.

ಚಮತ್ಕಾರವು ಮಗುವನ್ನು ಹತ್ತಿರಕ್ಕೆ ಕರೆಯುತ್ತದೆ. ಕಾರಣವು ತಿಳಿದಾಗ ಭಯವು ದೂರವಾಗುತ್ತದೆ. ಕಾರಣವನ್ನು ಹೇಳದೆ ಉರುಹೊಡೆಸಿದರೆ ಕಡಲೆಯು ಕಬ್ಬಿಣವಾಗಿಯೇ ಉಳಿಯುವುದು.

ಇನ್ನೊಂದು ಪ್ರಶ್ನೆ: ಅದೇ 12345679ನ್ನು ಯಾವುದರಿಂದ ಗುಣಿಸಿದರೆ ಒಂಬತ್ತು ಏಳುಗಳು ಸಾಲಾಗಿ ನಿಲ್ಲುತ್ತವೆ? ಮನೆಯ ಮಕ್ಕಳನ್ನು ಕೇಳಿರಿ. ದಯವಿಟ್ಟು ಉತ್ತರವನ್ನು ಮಾತ್ರ ನೀವೇ ಹೇಳಿಬಿಡಬೇಡಿರಿ.