ಬಚ್ಚಲ ನೀರಿನ ಚರಿತ್ರೆ

ನಮ್ಮ ನಾಡಿನ ಶಾಸನಗಳಲ್ಲಿ ಕೆರೆಯುಂಟು, ಬಾವಿಯುಂಟು, ತೂಬುಂಟು, ಅವನ್ನು ಕಟ್ಟಿಸಿದವರ ವಂಶಾವಳಿಯೂ ಉಂಟು. ಬಚ್ಚಲಿನ ಮಾತು ಬಲು ವಿರಳ. ವಿಜಾಪುರದ ಬೇಗಂ ತಾಲಾಬು 1651ರಲ್ಲಿ ಮಹಮ್ಮದ್ ಆದಿಲಶಾಹನ ಕಾಲದಲ್ಲಿ ನಿರ್ಮಾಣವಾಯಿತೆಂದೂ, ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ನಗರಕ್ಕೆ ನೀರು ಹರಿಯುತ್ತಿತ್ತೆಂದೂ, ನಡುನಡುವೆ ಗಂಜ್ ಎಂಬ ಗೋಪುರಗಳಿದ್ದುವೆಂದೂ ಪುಸ್ತಕಗಳು ವರ್ಣಿಸುತ್ತವೆ. ಆ ನೀರಿನಲ್ಲಿ ಮಿಂದವರ ಬಚ್ಚಲು ಎತ್ತ ಹರಿಯಿತೆಂದು ಕೇಳಿದವರು ಕಡಿಮೆ.

ನಿಡಗುಂದಿ ಸೀಮೆಯ ಹಳ್ಳಿಗಳಲ್ಲಿ ಆ ಪ್ರಶ್ನೆಗೆ ಉತ್ತರ ಹಿತ್ತಲಿನಲ್ಲಿತ್ತು. ಬಾವಿಯಿಂದಲೋ ಹಳ್ಳದಿಂದಲೋ ಹೆಂಗಸರು ಕೊಡ ಹೊತ್ತು ತಂದ ನೀರು ಅದು. ಹೊತ್ತವರಿಗೇ ಅದರ ತೂಕ ಗೊತ್ತು. ಅಕ್ಕಿ ತೊಳೆದ ನೀರೂ ಮುಸುರೆಯೂ ದನದ ಬಾನಿಗೆ, ಮಿಂದ ನೀರು ಬಾಳೆಗೋ ಕರಿಬೇವಿಗೋ, ಉಳಿದುದು ತಿಪ್ಪೆಗೆ. ಪಾತ್ರೆ ಬೆಳಗಲು ಒಲೆಯ ಬೂದಿ. ತಿಪ್ಪೆ ಕೊಳೆತು, ಬೇಸಗೆಯಲ್ಲಿ ಬಂಡಿಯೇರಿ ಹೊಲ ಸೇರುತ್ತಿತ್ತು. ಇದನ್ನು ಸುವರ್ಣಯುಗವೆಂದು ಹಾಡಿ ಹೊಗಳಬೇಕಾಗಿಲ್ಲ. ನಿಂತ ಬಚ್ಚಲಿನಲ್ಲಿ ಸೊಳ್ಳೆ ಹುಟ್ಟುತ್ತಿತ್ತು. ಹೊಲಸು ಬಾವಿಗಿಳಿದರೆ ವಾಂತಿಭೇದಿಯೂ ಬರುತ್ತಿತ್ತು. ಆದರೆ ನೀರು ಕಡಿಮೆಯಿದ್ದುದರಿಂದ ಮಣ್ಣು ಅದನ್ನು ತಾಳಿಕೊಂಡಿತು.

ತಾಳಿಕೆ ತಪ್ಪಿದ್ದು ನಮ್ಮ ಕಾಲದಲ್ಲಿ. 1964ರಲ್ಲಿ ಆಲಮಟ್ಟಿಯಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟರು. ಅಣೆಕಟ್ಟು ಎದ್ದು ಹಿನ್ನೀರು ಹರಡಿದಾಗ ಮುಳುಗಡೆಯ ಹಳ್ಳಿಗಳವರು ಪುನರ್ವಸತಿ ಕೇಂದ್ರಗಳಿಗೆ ಬಂದರು. ಬೀದಿಗಳು ನೆಟ್ಟಗಾದುವು, ನಿವೇಶನಗಳು ಅಳತೆಗೆ ಸಿಕ್ಕುವು, ಹಿತ್ತಲು ಕುಗ್ಗಿತು. ಆಮೇಲೆ ನಲ್ಲಿ ಬಂತು. 2019ರ ಜಲಜೀವನ ಯೋಜನೆ ಗೊತ್ತುಮಾಡಿದ ಗುರಿ ತಲೆಗೆ ದಿನಕ್ಕೆ 55 ಲೀಟರು. ಐದು ಜನರ ಮನೆಗೆ 275 ಲೀಟರು ಬಂದರೆ ಇನ್ನೂರರಷ್ಟಾದರೂ ಬಚ್ಚಲಿಗೆ ಹೋಗುವುದು, ಅದೂ ಸಾಬೂನಿನ ಪುಡಿಯೊಂದಿಗೆ. ಮೈಸೂರಿನ ಕಡೆಯವರು ಮೋರಿಯೆನ್ನುವುದನ್ನು ನಮ್ಮವರು ಗಟಾರವೆನ್ನುತ್ತಾರೆ; ಹೆಸರು ಯಾವುದಾದರೇನು, ಈ ಸೀಮೆಯ ಇಳಿಜಾರು ಕೊನೆಗೆ ಕೃಷ್ಣೆಯ ಕಡೆಗೇ.

ಸರಕಾರ ಉದ್ಯೋಗ ಖಾತರಿಯ ಹಣದಿಂದ ಮನೆಮನೆಗೆ ‘ಬಚ್ಚಲು ಗುಂಡಿ’ ತೋಡಿಸಿತು. ಯೋಚನೆ ಒಳ್ಳೆಯದೇ. ಆದರೆ ಎರೆಮಣ್ಣಿನ ಸ್ವಭಾವ ಬೇರೆ. ಕೆಂಪು ಮಣ್ಣು ನೀರನ್ನು ಬೇಗ ಇಂಗಿಸಿಕೊಂಡರೆ, ಎರೆ ನೆನೆದೊಡನೆ ಉಬ್ಬಿ ತನ್ನ ಬಾಯಿ ತಾನೇ ಮುಚ್ಚಿಕೊಳ್ಳುತ್ತದೆ. ಗುಂಡಿ ತುಂಬಿ, ನೀರು ಮತ್ತೆ ಬೀದಿಗೆ ಬರುತ್ತದೆ. ಒಂದೇ ನಕ್ಷೆಯನ್ನು ಬೀದರಿನಿಂದ ಚಾಮರಾಜನಗರದವರೆಗೆ ಹಂಚುವ ಕಛೇರಿಗೆ ಇದು ರೈತನಿಗೆ ತಿಳಿದಷ್ಟು ತಿಳಿಯದು.

ಕೊಳೆನೀರನ್ನು ತಿಳಿಗೊಳಿಸುವುದು ಸೂಕ್ಷ್ಮಜೀವಿಗಳ ಕೆಲಸ. ಅವಕ್ಕೆ ಉಸಿರಾಡಲು ಗಾಳಿ ಬೇಕು. 1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬಿಬ್ಬರು ಕೊಳೆನೀರಿಗೆ ಗಾಳಿಯೂದಿ, ತಳದಲ್ಲಿ ನಿಂತ ರಾಡಿಯನ್ನೇ ಮರಳಿ ಬಳಸಿ ಇದನ್ನು ಸಾಧಿಸಿದರು. ಅವರಿಗೆ ದಾರಿ ತೋರಿದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿನ ವಿಜ್ಞಾನಮಂದಿರಕ್ಕೆ ಪ್ರಾಧ್ಯಾಪಕನಾಗಿ ಬಂದನೆಂಬುದು ಕನ್ನಡಿಗರಲ್ಲಿ ಹಲವರಿಗೆ ತಿಳಿಯದ ಸಂಗತಿ. ಆದರೆ ಅವನ ವಿಧಾನಕ್ಕೆ ಯಂತ್ರ ಬೇಕು, ಹಗಲಿರುಳು ವಿದ್ಯುತ್ತು ಬೇಕು. ಹಳ್ಳಿಗೆ ಹೊಂದುವುದು ಕಷ್ಟ.

ನಮ್ಮಲ್ಲಿ ಬಿಸಿಲಿಗೆ ಬರವಿಲ್ಲ. ಆಳವಿಲ್ಲದ ಹೊಂಡದಲ್ಲಿ ನೀರನ್ನು ಕೆಲವು ದಿನ ನಿಲ್ಲಿಸಿದರೆ ಬಿಸಿಲಿಗೆ ಪಾಚಿ ಬೆಳೆದು, ಆ ಪಾಚಿಯೇ ಜೀವಿಗಳಿಗೆ ಪ್ರಾಣವಾಯುವನ್ನು ಒದಗಿಸುತ್ತದೆ. ಅಂಚಿನಲ್ಲಿ ಆಪು ಜೊಂಡುಗಳನ್ನು ಬೆಳೆಸಿದರೆ ಇನ್ನೂ ಅನುಕೂಲ. ನೀರು ಇಂಗದ ಎರೆಮಣ್ಣು ಇಲ್ಲಿ ಹೊಂಡದ ತಳವಾಗಿ ಉಪಕಾರಕ್ಕೇ ಬರುತ್ತದೆ. ತಿಳಿಯಾದ ನೀರು ಮೇವಿನ ಹುಲ್ಲಿಗೆ ಸಾಲುತ್ತದೆ. ಕೆಲವು ವರ್ಷಗಳಿಗೊಮ್ಮೆ ಹೂಳೆತ್ತಬೇಕು. ಎತ್ತುವವರಾರು, ಕೂಲಿ ಎಲ್ಲಿಂದ ಎಂಬುದನ್ನು ಹೊಂಡ ತೋಡುವ ಮೊದಲೇ ಗ್ರಾಮಸಭೆಯಲ್ಲಿ ಬರೆದಿಡಬೇಕು.